ಶೀರೂರು ಮಠದ ಶೇ. 5: ತೆರಿಗೆ, ಶುಲ್ಕ, ವಿನಾಯಿತಿ ಕುರಿತು ಒಂದು ಟಿಪ್ಪಣಿ

1946 ಉಡುಪಿಯಲ್ಲಿ ಶೀರೂರು ಮಠದ ಪರ್ಯಾಯದ ವರ್ಷ. ಯುದ್ಧ ಮುಗಿದಿತ್ತು, ಯುದ್ಧಕಾಲದ ಅಭಾವ ಮುಗಿದಿರಲಿಲ್ಲ. ಪರ್ಯಾಯವೆಂದರೆ ಎರಡು ವರ್ಷ ಕೃಷ್ಣನ ಪೂಜೆಯ ಹೊಣೆಯಷ್ಟೇ ಅಲ್ಲ, ಬಂದವರಿಗೆಲ್ಲ ಊಟ ಹಾಕುವ ಹೊಣೆಯೂ ಹೌದು. ಧಾನ್ಯ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ವಿಪರೀತ. ಮಠಾಧಿಪತಿ ಲಕ್ಷ್ಮೀಂದ್ರ ತೀರ್ಥರು ಸಾಲ ಮಾಡಿದರು. ಸಾಲ ಸುಮಾರು 1 ಲಕ್ಷ ರೂಪಾಯಿಗೆ ಮುಟ್ಟಿತು. ಅವರು 1919ರಲ್ಲಿ, ಇನ್ನೂ ಬಾಲಕರಾಗಿದ್ದಾಗ ಪೀಠವೇರಿ 1926ರಲ್ಲಿ ಆಡಳಿತ ವಹಿಸಿಕೊಂಡವರು. ಆಗಲೇ ತಲೆಯ ಮೇಲಿದ್ದ ಹಳೆಯ ಸಾಲವನ್ನು ಬಹುಪಾಲು ತೀರಿಸಿ, ತಮ್ಮ ಮೊದಲ ಪರ್ಯಾಯಕ್ಕೆ ಮತ್ತೆ ಸಾಲಗಾರರಾಗಿದ್ದವರು. ಈ ಬಾರಿ ಮದ್ರಾಸಿನ ಹಿಂದೂ ಧಾರ್ಮಿಕ ದತ್ತಿ ಮಂಡಳಿ ನಡುವೆ ಬಂತು. ಉಡುಪಿಯಿದ್ದ ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಒಬ್ಬ ಸಮರ್ಥ ವ್ಯವಸ್ಥಾಪಕನನ್ನು ನೇಮಿಸಿಕೊಳ್ಳಿ ಎಂದು ಮಂಡಳಿ ಸೂಚಿಸಿತು. ನೇಮಕವಾಯಿತು, ಜಗಳವೂ ಆಯಿತು. ಅಷ್ಟರಲ್ಲಿ 1951ರ ಹೊಸ ದತ್ತಿ ಕಾಯಿದೆ ಬಂತು. ಪ್ರಕರಣ ಮದ್ರಾಸ್ ಹೈಕೋರ್ಟಿನ ಮೂಲಕ ದೆಹಲಿ ಸೇರಿತು.

1954ರ ಮಾರ್ಚ್ 16ರಂದು ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠಕ್ಕಾಗಿ ಬಿ. ಕೆ. ಮುಖರ್ಜಿಯವರು ಬರೆದ ಆ ತೀರ್ಪನ್ನು ಕಾನೂನು ಓದಿದವರೆಲ್ಲ ಬಲ್ಲರು. ಒಂದು ಧರ್ಮಕ್ಕೆ ಯಾವ ಆಚರಣೆ ಅತ್ಯಗತ್ಯ ಎಂಬ ಚರ್ಚೆ ಇಂದಿಗೂ ಅಲ್ಲಿಂದಲೇ ಶುರುವಾಗುತ್ತದೆ. ಈ ಟಿಪ್ಪಣಿ ಆ ಭಾಗದ ಬಗ್ಗೆ ಅಲ್ಲ. ತೀರ್ಪಿನ ಕೊನೆಗೆ ಬರುವ, ಓದುಗರು ಸಾಮಾನ್ಯವಾಗಿ ಬೇಗ ಬೇಗ ಪುಟ ಮಗುಚುವ ಹಣದ ಭಾಗದ ಬಗ್ಗೆ. ಧರ್ಮಸ್ವಾತಂತ್ರ್ಯಕ್ಕೂ ತೆರಿಗೆಗೂ ನಮ್ಮ ಸಂವಿಧಾನದಲ್ಲಿ ಇರುವ ನಂಟು ಎಂಥದು ಎಂಬುದು ಅಲ್ಲಿರುವಷ್ಟು ನಿಚ್ಚಳವಾಗಿ ಬೇರೆಲ್ಲೂ ಇಲ್ಲ ಎಂಬುದು ನನ್ನ ಎಣಿಕೆ. ಆ ನಂಟು ನಾವು ಸಾಮಾನ್ಯವಾಗಿ ಭಾವಿಸಿರುವಂಥದ್ದಲ್ಲ.

1951ರ ಕಾಯಿದೆಯ 76ನೆಯ ಕಲಮು ಹೇಳಿದ್ದು ಇಷ್ಟು: ಸರ್ಕಾರವೂ ಅದರ ಅಧಿಕಾರಿಗಳೂ ಸಲ್ಲಿಸುವ ಸೇವೆಗಾಗಿ ಪ್ರತಿಯೊಂದು ಧಾರ್ಮಿಕ ಸಂಸ್ಥೆ ತನ್ನ ಆದಾಯದಲ್ಲಿ ಶೇ. 5ಕ್ಕೆ ಮೀರದ ವಂತಿಗೆಯನ್ನು ವರ್ಷವರ್ಷವೂ ಕೊಡಬೇಕು. ವರ್ಷಕ್ಕೆ 1,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ವರಮಾನ ಇರುವ ಸಂಸ್ಥೆ ಲೆಕ್ಕ ತಪಾಸಣೆಯ ವೆಚ್ಚಕ್ಕೆಂದು ಇನ್ನೂ ಶೇ. 1.5ರವರೆಗೆ ಸೇರಿಸಬೇಕು. ಮಠದ ಕಡೆಯಿಂದ ನೋಡಿದರೆ ಇದು ತಾನು ಬೇಡವೆಂದ ಕಾವಲುಗಾರನಿಗೆ ತಾನೇ ಸಂಬಳ ಕೊಡುವ ಏರ್ಪಾಡು.

ಕೋರ್ಟಿನ ಮುಂದಿದ್ದ ಮೊದಲ ಪ್ರಶ್ನೆ ಧರ್ಮದ್ದಲ್ಲ, ಇದು ತೆರಿಗೆಯೋ ಶುಲ್ಕವೋ ಎಂಬುದು. ತೆರಿಗೆ ಎಂದರೇನು ಎಂಬುದಕ್ಕೆ ಮುಖರ್ಜಿಯವರು ಆಸ್ಟ್ರೇಲಿಯಾದ ನ್ಯಾಯಮೂರ್ತಿ ಲೇಥಮ್ ಅವರ ಮಾತನ್ನು ಆಧಾರವಾಗಿಟ್ಟುಕೊಂಡರು. ಲೇಥಮ್ ಅದನ್ನು ಹೇಳಿದ್ದು ಚಿಕೋರಿ ಮಾರಾಟ ಮಂಡಳಿಯೊಂದು ಬೆಳೆಗಾರರ ಮೇಲೆ ಹೇರಿದ ಕರದ ಪ್ರಕರಣದಲ್ಲಿ. ನಾವು ಕಾಫಿಪುಡಿಗೆ ಬೆರೆಸುವ ಅದೇ ಚಿಕೋರಿ. ಉಡುಪಿಯ ಅಷ್ಟಮಠಗಳಲ್ಲಿ ಒಂದರ ಹಣೆಬರಹ ಬರೆಯಲು ಚಿಕೋರಿ ಬೇಕಾಯಿತು ಎಂಬುದು ಕಾಫಿ ಕುಡಿಯುವ ನಾಡಿನವರಿಗೆ ಸಣ್ಣ ತಮಾಷೆ. ವ್ಯಾಖ್ಯೆಯ ತಿರುಳು ಇದು: ಸರ್ಕಾರ ಕಾನೂನಿನ ಬಲದಿಂದ, ಸಾರ್ವಜನಿಕ ಉದ್ದೇಶಕ್ಕೆ ವಸೂಲು ಮಾಡುವ, ಇಂಥ ಸೇವೆಗೆ ಇಷ್ಟು ಎಂದು ಲೆಕ್ಕ ಹಾಕದ ಹಣ ತೆರಿಗೆ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸಂಬಂಧ ಕಾಣುವ ಹಣ ಶುಲ್ಕ.

ಮದ್ರಾಸಿನ ಶೇ. 5ರಲ್ಲಿ ಆ ಸಂಬಂಧ ಕಾಣಲಿಲ್ಲ. ಹಣ ನೇರವಾಗಿ ರಾಜ್ಯದ ಸಂಚಿತ ನಿಧಿಗೆ ಹೋಗುತ್ತಿತ್ತು, ದತ್ತಿ ಇಲಾಖೆಯ ವೆಚ್ಚ ಸಾಮಾನ್ಯ ಬೊಕ್ಕಸದಿಂದಲೇ ಬರುತ್ತಿತ್ತು. ಆದ್ದರಿಂದ ಕೋರ್ಟು ಇದನ್ನು ತೆರಿಗೆ ಎಂದಿತು. ಅದೇ ದಿನ ಅದೇ ಕೋರ್ಟು ಒರಿಸ್ಸಾದ ಮಹಂತ ಜಗನ್ನಾಥ ರಾಮಾನುಜ ದಾಸರ ಪ್ರಕರಣವನ್ನೂ ತೀರ್ಮಾನಿಸಿತು. ಅಲ್ಲಿಯೂ ಮಠದಿಂದ ವಂತಿಗೆ, ಅಲ್ಲಿಯೂ ಮೇಲ್ವಿಚಾರಣೆಗೆ ಒಬ್ಬ ಆಯುಕ್ತ. ಆದರೆ ಒರಿಸ್ಸಾದ ಹಣ ಒಂದು ಪ್ರತ್ಯೇಕ ನಿಧಿಗೆ ಹೋಗಿ, ಆಯುಕ್ತರ ಕಚೇರಿಯ ವೆಚ್ಚ ಅದರಿಂದ ಹೊರಡುತ್ತಿತ್ತು. ಅದು ಶುಲ್ಕವೆನಿಸಿಕೊಂಡು ಉಳಿಯಿತು. ಎರಡು ದಿನ ಕಳೆದು, ಮಾರ್ಚ್ 18ರಂದು, ರತಿಲಾಲ್ ಗಾಂಧಿ ಪ್ರಕರಣದಲ್ಲಿ ಮುಂಬಯಿ ಸಾರ್ವಜನಿಕ ನ್ಯಾಸ ಕಾಯಿದೆಯ ವಂತಿಗೆಗೂ ಇದೇ ರಕ್ಷೆ ಸಿಕ್ಕಿತು. ಅದಕ್ಕೂ ಬೇರೆ ನಿಧಿ ಇತ್ತು. ಮೂರು ದಿನಗಳೊಳಗೆ ಮೂರು ರಾಜ್ಯ, ಒಂದೇ ಬಗೆಯ ವಸೂಲಿ. ಸೋಲು ಗೆಲುವನ್ನು ನಿರ್ಧರಿಸಿದ್ದು ಮಠದ ಪಾವಿತ್ರ್ಯವಲ್ಲ, ಹಣ ಯಾವ ಪೆಟ್ಟಿಗೆಗೆ ಬಿತ್ತು ಎಂಬುದು.

ಇಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಕುತೂಹಲದ್ದು. ತೆರಿಗೆ ಎಂದಾದ ಮೇಲೆ ಮಠದ ಪರ ವಕೀಲರ ಕೈಯಲ್ಲಿ ಸಂವಿಧಾನದ 27ನೆಯ ಅನುಚ್ಛೇದ ಇತ್ತು. ಒಂದು ನಿರ್ದಿಷ್ಟ ಧರ್ಮದ ಅಥವಾ ಪಂಗಡದ ಪ್ರಚಾರಕ್ಕೋ ಪೋಷಣೆಗೋ ಮೀಸಲಿಟ್ಟ ತೆರಿಗೆಯನ್ನು ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎಂಬುದು ಅದರ ಸಾರ. ಮಠಕ್ಕೆ ಇದು ದಕ್ಕಲಿಲ್ಲ. ಈ ಹಣದ ಉದ್ದೇಶ ಹಿಂದೂ ಧರ್ಮವನ್ನು ಬೆಳೆಸುವುದಲ್ಲ, ಧಾರ್ಮಿಕ ಸಂಸ್ಥೆಗಳ ಆಸ್ತಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು. ಹಾಗಾಗಿ 27 ಇಲ್ಲಿಗೆ ಅನ್ವಯಿಸದು ಎಂದಿತು ಕೋರ್ಟು. ಹಾಗಿದ್ದೂ ಕಲಮು ಬಿತ್ತು. ಬಿದ್ದದ್ದು ಬೇರೆ ಕಾರಣಕ್ಕೆ: ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯ ಶಾಸಕಾಂಗದ ಪಟ್ಟಿಯಲ್ಲಿ ಇರಲಿಲ್ಲ. ಶುಲ್ಕವಾಗಿದ್ದರೆ ಹಾಕಬಹುದಿತ್ತು, ತೆರಿಗೆಯಾದ್ದರಿಂದ ಆಗದು.

ಶೀರೂರು ಮಠ ಧರ್ಮಸ್ವಾತಂತ್ರ್ಯದ ಹೆಸರಿನಲ್ಲಿ ತೆರಿಗೆಯಿಂದ ಪಾರಾಯಿತು ಎಂದು ಭಾಷಣಗಳಲ್ಲಿ ಕೇಳಿದ್ದೇನೆ, ಒಂದೆರಡು ಲೇಖನಗಳಲ್ಲಿ ಓದಿಯೂ ಇದ್ದೇನೆ. ಅದು ತಪ್ಪು. ಧರ್ಮಸ್ವಾತಂತ್ರ್ಯದ ಬಲದಿಂದ ಮಠ ಗೆದ್ದದ್ದು ಬೇರೆ ಕಡೆ. ಆಯುಕ್ತರು ಹೇಳದೆ ಕೇಳದೆ ಮಠದ ಗರ್ಭಗುಡಿಯವರೆಗೆ ನುಗ್ಗಬಹುದೆಂಬ 21ನೆಯ ಕಲಮು ಆ ಬಲಕ್ಕೆ ಬಿತ್ತು. ಹಣದ ಮಟ್ಟಿಗೆ ಮಠವನ್ನು ಉಳಿಸಿದ್ದು ಕೇಂದ್ರಕ್ಕೂ ರಾಜ್ಯಕ್ಕೂ ಅಧಿಕಾರ ಹಂಚಿದ ಒಂದು ಒಣ ಪಟ್ಟಿ.

27ನೆಯ ಅನುಚ್ಛೇದ ಯಾರನ್ನು ಕಾಪಾಡುತ್ತದೆ ಎಂಬುದನ್ನು ಇನ್ನೊಮ್ಮೆ ನೋಡಬೇಕು. ಅದು ಗುಡಿಯನ್ನೋ ಮಸೀದಿಯನ್ನೋ ಇಗರ್ಜಿಯನ್ನೋ ತೆರಿಗೆಯಿಂದ ಬಿಡಿಸುವುದಿಲ್ಲ. ಅದು ಕಾಪಾಡುವುದು ತೆರಿಗೆ ಕೊಡುವವನನ್ನು. 1874ರ ಸ್ವಿಟ್ಜರ್ಲೆಂಡಿನ ಸಂವಿಧಾನದ 49ನೆಯ ಅನುಚ್ಛೇದದಲ್ಲಿ ಇದನ್ನು ಹೋಲುವ ನಿಯಮವಿತ್ತು. ಆದರೆ ಅಲ್ಲಿ ರಕ್ಷೆ ಇದ್ದದ್ದು ತಾನು ಸೇರಿಲ್ಲದ ಪಂಗಡದ ಪೂಜೆಗೆ ಕರ ಕೊಡುವುದರಿಂದ ಮಾತ್ರ. ನಮ್ಮ ಸಂವಿಧಾನದಲ್ಲಿ ಆ ಷರತ್ತು ಇಲ್ಲ. ಜೈನನಿಂದ ವೈಷ್ಣವ ಗುಡಿಗೆ ಕರ ಎತ್ತುವಂತಿಲ್ಲ, ಸರಿ. ಜೈನನಿಂದ ಬಸದಿಗೂ ಎತ್ತುವಂತಿಲ್ಲ.

ಈ ಉದಾಹರಣೆಯನ್ನು ಸುಮ್ಮನೆ ಕೊಡಲಿಲ್ಲ. ಶ್ರವಣಬೆಳಗೊಳದಲ್ಲಿ 1368ರ, ಬುಕ್ಕರಾಯನ ಕಾಲದ ಶಾಸನವೊಂದಿದೆ; ಮಾಗಡಿ ಕಡೆಯ ಕಲ್ಯದಲ್ಲೂ ಅದರ ಪಾಠ ಸಿಕ್ಕಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ದೊರೆಗೆ ದೂರು ಕೊಟ್ಟರು. ದೊರೆ ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಎಂದಿನಂತೆ ಸಲ್ಲಬೇಕೆಂದ. ಶಾಲೆಯ ಪಾಠಗಳಲ್ಲಿ ಕತೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಶಾಸನ ನಿಲ್ಲುವುದಿಲ್ಲ, ಅದು ಹಣಕ್ಕೆ ಬರುತ್ತದೆ. ರಾಜ್ಯದಲ್ಲಿರುವ ಜೈನರ ಮನೆಮನೆಯಿಂದ, ಬಾಗಿಲಿಗೆ ಇಷ್ಟೆಂದು, ವರ್ಷಕ್ಕೆ 1 ಹಣ ಎತ್ತಬೇಕು. ಎತ್ತುವವರು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರು. ಆ ಹಣದಲ್ಲಿ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡಬೇಕು, ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಮೀರಿದವನು ರಾಜದ್ರೋಹಿ.

ಧಾರ್ಮಿಕ ಸಹಬಾಳ್ವೆಯ ದಾಖಲೆ ಎಂದು ನಾವು ಎತ್ತಿ ತೋರಿಸುವ ಈ ಕಲ್ಲು, ನನ್ನ ಓದಿನಲ್ಲಿ, ಧಾರ್ಮಿಕ ತೆರಿಗೆಯ ದಾಖಲೆಯೂ ಹೌದು. ಜೈನರ ಒಪ್ಪಿಗೆ ಇತ್ತೆಂದು ಶಾಸನ ಹೇಳುತ್ತದೆ. ಆದರೆ ದೊರೆಯ ಆಜ್ಞೆ, ಮನೆಗಿಷ್ಟೆಂಬ ದರ, ಮೀರಿದರೆ ದ್ರೋಹ ಎಂಬ ಬೆದರಿಕೆ ಮೂರೂ ಇರುವಾಗ ಅದನ್ನು ದೇಣಿಗೆ ಎನ್ನಲು ನನಗೆ ಮನಸ್ಸು ಒಪ್ಪದು. ಸ್ವಿಸ್ ನಿಯಮದ ಮುಂದಿಟ್ಟರೆ ಬುಕ್ಕನ ಹಣ ಪಾಸಾದೀತು: ಕೊಡುವವರೂ ಜೈನರು, ಪಡೆಯುವುದೂ ಬಸದಿ. ನಮ್ಮ 27ರ ಮುಂದೆ ಪಾಸಾಗದು. ಗೊತ್ತುಪಡಿಸಿದ ಧರ್ಮದ ಪೋಷಣೆಗೆಂದೇ ಮೀಸಲಿಟ್ಟ ಹಣ ಅದು. ಹದಿನಾಲ್ಕನೆಯ ಶತಮಾನವನ್ನು ಇಪ್ಪತ್ತನೆಯ ಶತಮಾನದ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ, ಬಲ್ಲೆ. ಅಳತೆಗೋಲು ಯಾವ ಉದ್ದದ್ದು ಎಂದು ತಿಳಿಯಲು ಮಾತ್ರ ಹೀಗೆ ಹಿಡಿದು ನೋಡಿದ್ದು.

ವಿನಾಯಿತಿಯ ಕತೆಯೂ ನಮ್ಮಲ್ಲಿ ಕಲ್ಲಿನ ಮೇಲೆಯೇ ಇದೆ. ಸರ್ವಮಾನ್ಯ, ಸರ್ವನಮಸ್ಯ, ಸರ್ವಬಾಧಾಪರಿಹಾರ ಎಂಬ ಮಾತುಗಳು ದತ್ತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಈ ಭೂಮಿಯ ಮೇಲಿನ ತೆರಿಗೆಗಳು ಅರಮನೆಗೆ ಬರುವುದಿಲ್ಲ, ದೇವರಿಗೋ ಬ್ರಾಹ್ಮಣರಿಗೋ ಮಠಕ್ಕೋ ಬಿಟ್ಟಿದೆ ಎಂದು ಅರ್ಥ. ಯಾವ ಯಾವ ತೆರಿಗೆ ಎಂದು ಒಂದೊಂದನ್ನೂ ಹೆಸರಿಸಿದ ಶಾಸನಗಳೂ ಉಂಟು; ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಅವು ಹಬ್ಬ. ನನಗೆ ಮುಖ್ಯವಾಗಿ ಕಾಣುವುದು ಕೊನೆಯ ಶಾಪ. ಕೊಟ್ಟದ್ದನ್ನು ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗುವನು, ವಾರಣಾಸಿಯಲ್ಲಿ ಗೋವನ್ನು ಕೊಂದ ಪಾಪಕ್ಕೆ ಹೋಗುವನು. ಹಕ್ಕಾಗಿದ್ದರೆ ಶಾಪ ಏಕೆ ಬೇಕಿತ್ತು? ಅದು ಕೊಡುಗೆ. ಮುಂದೆ ಬರುವ ದೊರೆ ಅದನ್ನು ಹಿಂದಕ್ಕೆ ಪಡೆಯಬಲ್ಲ ಎಂಬುದು ಬರೆಸಿದವನಿಗೆ ಚೆನ್ನಾಗಿ ಗೊತ್ತು. ತಡೆಯಲು ಕೋರ್ಟಿಲ್ಲ, ನರಕವಿದೆ.

ನಮ್ಮ ಮುಜರಾಯಿ ಇಲಾಖೆಯ ಹೆಸರಿನಲ್ಲೇ ಈ ಚರಿತ್ರೆ ಅಡಗಿದೆ. ಮುಜರಾ ಎಂಬುದು ಕಂದಾಯದ ಲೆಕ್ಕದ ಮಾತು: ಬರಬೇಕಾದ ಮೊತ್ತದಲ್ಲಿ ಕಳೆದುಬಿಡುವ, ವಜಾ ಹಾಕುವ ಬಾಬು. ದೇವರ ಇಲಾಖೆಗೆ ಹೆಸರು ಬಂದದ್ದು ಪೂಜೆಯಿಂದಲ್ಲ, ಕಂದಾಯದ ಪುಸ್ತಕದ ಒಂದು ಕಳೆಯುವ ಕಾಲಮಿನಿಂದ. ಮೈಸೂರಿನ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಕಾಯಿದೆ 1955ರಲ್ಲಿ ಬಂದ ಮೇಲೆ ಇನಾಮು ಭೂಮಿ ಸರ್ಕಾರಕ್ಕೆ ಸೇರಿ, ಗುಡಿಗಳಿಗೆ ವರ್ಷಾಸನದ ರೂಪದಲ್ಲಿ ನಗದು ಬರತೊಡಗಿತು. ಹಳ್ಳಿಯ ಅರ್ಚಕರು ಇವತ್ತಿಗೂ ಅದನ್ನು ತಸ್ತೀಕು ಎನ್ನುತ್ತಾರೆ. ಹಳೆ ಮೈಸೂರಿನ ಒಂದು ಊರಿನಲ್ಲಿ ವಯಸ್ಸಾದ ಅರ್ಚಕರೊಬ್ಬರನ್ನು ಕೇಳಿದ್ದೆ: ಸರ್ಕಾರದ ದುಡ್ಡಿನಲ್ಲಿ ದೇವರ ದೀಪ ಉರಿಯುವುದು ಸರಿಯೇ ಸ್ವಾಮಿ? ಅವರು ದೀಪದ ಬತ್ತಿ ಸರಿಮಾಡುತ್ತಲೇ, "ಸರ್ಕಾರದ್ದೆಲ್ಲಿ ಬಂತು ಸ್ವಾಮಿ, ಜಮೀನು ನಮ್ಮಪ್ಪನದು" ಎಂದರು. ಅಪ್ಪ ಎಂದರೆ ಅವರ ತಂದೆಯಲ್ಲ, ಒಳಗಿದ್ದ ರಂಗನಾಥ. ಸಂವಿಧಾನದ ಭಾಷೆಯಲ್ಲೂ ಆ ಉತ್ತರ ನಿಲ್ಲುತ್ತದೆ. 290ಎ ಅನುಚ್ಛೇದ ಕೇರಳದ ಸಂಚಿತ ನಿಧಿಯಿಂದ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46.5 ಲಕ್ಷ ರೂಪಾಯಿ, ತಮಿಳುನಾಡಿನದರಿಂದ ಅಲ್ಲಿಯ ದೇವಸ್ವಂ ನಿಧಿಗೆ 13.5 ಲಕ್ಷ ರೂಪಾಯಿ ಕೊಡಬೇಕೆಂದು ಅಂಕಿ ಸಮೇತ ಬರೆದಿದೆ. ಅದೂ ಧರ್ಮಪ್ರಚಾರವಲ್ಲ. ದೇವಸ್ಥಾನಗಳ ಭೂಮಿಯನ್ನು ರಾಜ್ಯ ಎಂದೋ ತೆಗೆದುಕೊಂಡಿತ್ತು, ಅದರ ಋಣ.

ಈಗ ಆದಾಯ ತೆರಿಗೆ. ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಗೊಂದಲ ಹೆಚ್ಚು, ವಿಷಯ ಕಡಿಮೆ. ಗುಡಿಗಳು ಮಾತ್ರ ತೆರಿಗೆ ಕಟ್ಟುತ್ತವೆ, ಬೇರೆಯವರ ಪ್ರಾರ್ಥನಾ ಸ್ಥಳಗಳಿಗೆ ಮಾಫಿ ಎಂಬ ಮಾತನ್ನು ಹುಂಡಿಯ ಸಾಲಿನಲ್ಲಿ ನಿಂತವರೂ ಹೇಳುತ್ತಾರೆ, ವಾಟ್ಸಾಪಿನಲ್ಲೂ ಬರುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ 11ನೆಯ ಕಲಮು ಧರ್ಮದ ಹೆಸರು ಹಿಡಿದು ಭೇದ ಮಾಡಲಿಲ್ಲ. ಧಾರ್ಮಿಕ ಅಥವಾ ಧರ್ಮಾರ್ಥ ಉದ್ದೇಶಕ್ಕೆ ಇಟ್ಟ ಆಸ್ತಿಯ ಆದಾಯ, ನೋಂದಣಿ ಮಾಡಿಸಿ, ಶೇ. 85ರಷ್ಟನ್ನು ಆ ಉದ್ದೇಶಕ್ಕೇ ಬಳಸಿದರೆ, ಯಾವ ದೇವರದೇ ಆಗಲಿ ತೆರಿಗೆಯ ಹೊರಗೆ. (ಆ ಕಾಯಿದೆಯ ಜಾಗಕ್ಕೆ 2025ರ ಹೊಸದು ಬಂದಿದೆ, ಕಲಮುಗಳ ಸಂಖ್ಯೆ ಬದಲಾಗಿರುವುದರಿಂದ ನಾನು ಹಳೆಯ ಸಂಖ್ಯೆಗಳನ್ನೇ ಹೇಳುತ್ತಿದ್ದೇನೆ.) ಒಳಗೆ ಹೊಕ್ಕರೆ ಸ್ವಾರಸ್ಯಗಳಿವೆ. ಹೆಸರು ಹೇಳದವರ ದೇಣಿಗೆಗೆ 2006ರಲ್ಲಿ ಶೇ. 30 ತೆರಿಗೆ ಹಾಕಿದಾಗ, ಸಂಪೂರ್ಣ ಧಾರ್ಮಿಕ ಸಂಸ್ಥೆಗಳನ್ನು ಹೊರಗಿಟ್ಟರು. ಹುಂಡಿಗೆ ಹಾಕುವವರ ಹೆಸರು ಬರೆದಿಡುವುದು ಆಗುವ ಮಾತಲ್ಲವಲ್ಲ. ಒಂದು ಜಾತಿಗೋ ಮತಕ್ಕೋ ಮೀಸಲಾದ ಧರ್ಮಾರ್ಥ ಸಂಸ್ಥೆಗೆ 13ನೆಯ ಕಲಮಿನಲ್ಲಿ ವಿನಾಯಿತಿ ಇಲ್ಲ, ಆದರೆ 1961ರ ಕಾಯಿದೆ ಜಾರಿಗೆ ಬರುವ ಮೊದಲೇ ಹುಟ್ಟಿದವುಗಳಿಗೆ ಆ ತಡೆ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನಮ್ಮ ಊರುಗಳಲ್ಲಿ ಎದ್ದ ಜಾತಿವಾರು ವಿದ್ಯಾರ್ಥಿನಿಲಯಗಳನ್ನು ಬಲ್ಲವರಿಗೆ ಆ ದಿನಾಂಕದ ತೂಕ ಗೊತ್ತಾಗುತ್ತದೆ. ದೇಣಿಗೆ ಕೊಟ್ಟವರಿಗೆ ರಿಯಾಯಿತಿ ಕೊಡಿಸುವ 80ಜಿ ಮನ್ನಣೆ ಇರುವ ಸಂಸ್ಥೆ ತನ್ನ ಆದಾಯದಲ್ಲಿ ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡಬಹುದಾದದ್ದು ಹೆಚ್ಚೆಂದರೆ ಶೇ. 5. ಮತ್ತೆ ಶೇ. 5, ಕಾಕತಾಳೀಯವೇ ಇರಬೇಕು.

ಇದೆಲ್ಲ ಶಾಸಕಾಂಗ ಕೊಟ್ಟದ್ದು, ಶಾಸಕಾಂಗ ಬದಲಿಸಬಹುದಾದದ್ದು. ಸರ್ವಮಾನ್ಯದ ಜಾತಿಯೇ. ಶಾಪದ ಬದಲು ಲೆಕ್ಕಪತ್ರದ ಷರತ್ತು ಬಂದಿದೆ, ಅಷ್ಟು ವ್ಯತ್ಯಾಸ. ಧರ್ಮಸ್ವಾತಂತ್ರ್ಯದ 25, 26ನೆಯ ಅನುಚ್ಛೇದಗಳಲ್ಲಿ ತೆರಿಗೆ ವಿನಾಯಿತಿಯ ಸೊಲ್ಲೇ ಇಲ್ಲ.

ಹಾಗಾದರೆ ಕರ್ನಾಟಕದ ಗುಡಿಗಳು ಕಟ್ಟುವುದೇನು? ಇದು ಶೀರೂರಿನ ಶೇ. 5ರ ಮೊಮ್ಮಗು. 1954ರ ಸೋಲಿನ ಬಳಿಕ ಮದ್ರಾಸ್ ಕಾಯಿದೆ ತಿದ್ದಿಕೊಂಡು ಒರಿಸ್ಸಾದ ದಾರಿ ಹಿಡಿಯಿತು, ವಂತಿಗೆಗೆ ಪ್ರತ್ಯೇಕ ನಿಧಿ ಮಾಡಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರಿಗೆ ಬಂದಾಗ ಆ ಕಾಯಿದೆಯೂ ಜೊತೆಗೇ ಬಂತು. ಕಾಶೀ ಮಠದ ಸುಧೀಂದ್ರ ತೀರ್ಥರು ಅದನ್ನು ಪ್ರಶ್ನಿಸಿದರು. ಈ ಬಾರಿ, 1960ರ ದಶಕದ ಆರಂಭದಲ್ಲಿ, ಸುಪ್ರೀಂ ಕೋರ್ಟು ಅದನ್ನು ಶುಲ್ಕವೆಂದು ಒಪ್ಪಿತು. ಅದೇ ಕರಾವಳಿ, ಅದೇ ಕಲಮು, ಬದಲಾದದ್ದು ಪೆಟ್ಟಿಗೆ.

ಹಳೆ ಮೈಸೂರು, ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕೊಡಗು, ಕರಾವಳಿ ಎಂದು ಐದು ಕಡೆ ಐದು ಕಾನೂನು ಇದ್ದದ್ದನ್ನು ಒಂದುಗೂಡಿಸಿದ್ದು 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯಿದೆ. ಜಾರಿಗೆ ಬಂದದ್ದು 2003ರಲ್ಲಿ. 2006ರಲ್ಲಿ ಹೈಕೋರ್ಟು ಅದನ್ನು ಅಸಿಂಧುವೆಂದಿತು, ಸರ್ಕಾರ ಮೇಲ್ಮನವಿ ಹೋಯಿತು, ಕಾಯಿದೆ ತಿದ್ದುಪಡಿಗಳೊಂದಿಗೆ ಉಸಿರಾಡುತ್ತಿದೆ. ಅದರಲ್ಲಿ ಸಾಮಾನ್ಯ ಸಂಗ್ರಹಣಾ ನಿಧಿ ಎಂಬುದಿದೆ. ವರಮಾನವುಳ್ಳ ಗುಡಿಗಳಿಂದ ವಂತಿಗೆ ಪಡೆದು, ವರಮಾನ ಕಡಿಮೆಯಿರುವ ಸಿ ವರ್ಗದ ಗುಡಿಗಳಿಗೆ ನೆರವಾಗುವುದು ಅದರ ಮುಖ್ಯ ಕೆಲಸಗಳಲ್ಲೊಂದು. 2024ರ ತಿದ್ದುಪಡಿ ಮಸೂದೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ವರಮಾನ ಇರುವವಕ್ಕೆ ಶೇ. 5, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 10 ಎಂದು ಸೂಚಿಸಿದಾಗ ಗದ್ದಲವೆದ್ದಿತು. ಫೆಬ್ರವರಿಯಲ್ಲಿ ವಿಧಾನಸಭೆ ಒಪ್ಪಿತು, ವಿಧಾನ ಪರಿಷತ್ತು ತಳ್ಳಿತು, ಅದೇ ತಿಂಗಳ ಕೊನೆಗೆ ವಿಧಾನಸಭೆ ಮತ್ತೆ ಒಪ್ಪಿತು. ಹಿಂದೂಗಳ ಮೇಲೆ ಜಿಜಿಯಾ ಎಂದವರಿದ್ದರು, ಬಡ ಅರ್ಚಕರಿಗೆ ಆಸರೆ ಎಂದವರಿದ್ದರು. ಶೀರೂರು ತೀರ್ಪನ್ನು ಎರಡೂ ಕಡೆಯವರು ಹೆಸರಿಸಬಹುದಿತ್ತು.

ತೊಡಕು ಬೇರೆಡೆ ಇದೆ ಎಂದು ನನಗೆ ಅನ್ನಿಸುತ್ತದೆ. 1954ರಲ್ಲಿ 27ನೆಯ ಅನುಚ್ಛೇದ ಅಡ್ಡ ಬರದೇ ಇದ್ದದ್ದು ಹಣ ಧರ್ಮಕ್ಕೆ ಹೋಗದೆ ಮೇಲ್ವಿಚಾರಣೆಗೆ ಹೋಗುತ್ತಿತ್ತು ಎಂಬ ಕಾರಣಕ್ಕೆ. ಜನ ಇಂದು ಕೇಳುವುದು ಇದರ ತಿರುಗುಮುರುಗು: ಗುಡಿಯ ಹಣ ಗುಡಿಗೇ ಹೋಗಲಿ, ಇಲಾಖೆಯ ಖರ್ಚಿಗೆ ಬೇಡ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ದೊಡ್ಡ ಗುಡಿಯಿಂದ ಕಾನೂನಿನ ಬಲದಿಂದ ಎತ್ತಿದ ಹಣ ಇನ್ನೊಂದು ಊರಿನ ಗುಡಿಯ ಸುಣ್ಣಕ್ಕೂ ದೀಪಕ್ಕೂ ಹೋದರೆ, ಕೊಟ್ಟ ಗುಡಿಗೆ ಸಿಕ್ಕ ಸೇವೆ ಯಾವುದು? ಸೇವೆ ಕಾಣದಿದ್ದರೆ ಅದು ಶುಲ್ಕವೇ? ಶುಲ್ಕವಲ್ಲದಿದ್ದರೆ ತೆರಿಗೆ, ತೆರಿಗೆಯಾದರೆ ಅದು ಒಂದು ಧರ್ಮದ ಪೋಷಣೆಗೆಂದೇ ಮೀಸಲಿಟ್ಟದ್ದು. ಹಜ್ ಸಹಾಯಧನದ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು, ಸಾಮಾನ್ಯ ತೆರಿಗೆಯ ಒಂದು ಸಣ್ಣ ಅಂಶ ಧಾರ್ಮಿಕ ಕೆಲಸಕ್ಕೆ ಹೋದರೆ 27 ಮುರಿಯದು, ಗಣನೀಯ ಪಾಲು ಹೋದರೆ ಮುರಿಯುತ್ತದೆ ಎಂದಿತ್ತು. ಇಲ್ಲಿ ಆ ಸಮಾಧಾನವೂ ದೊರಕದು. ನಿಧಿ ಇರುವುದೇ ಅದಕ್ಕಾಗಿ. ಶೇಕಡಾವಾರು ಎಷ್ಟು ಎಂಬ ಜಗಳದಲ್ಲಿ ಈ ಪ್ರಶ್ನೆ ಎದ್ದದ್ದನ್ನು ನಾನು ಕಾಣಲಿಲ್ಲ. ಬುಕ್ಕನ ಕಲ್ಲಿನಲ್ಲಿ ಹಣ ಎತ್ತುವವರು ವೈಷ್ಣವರು, ಇಲ್ಲಿ ಇಲಾಖೆ. ಸುಣ್ಣ ಬಳಿಯಬೇಕಾದ ಗೋಡೆ ಮಾತ್ರ ಎರಡೂ ಕಡೆ ಬೇರೆ ಊರಿನದು.